ಸರಪಳಿಯಿಂದ ಸಂಘದವರೆಗೆ: ಘಟಪ್ರಭೆಯ ತೀರದಲ್ಲಿ ಮನೋರೋಗಿಗಳ ಆರೈಕೆ

ಚರಿತ್ರೆ ಎಂದೊಡನೆ ನಮಗೆ ನೆನಪಾಗುವುದು ಅರಸರು, ಕೋಟೆಗಳು ಮತ್ತು ಯುದ್ಧಗಳು. ಹುಕ್ಕೇರಿ ಎಂದರೆ ಆದಿಲ್‌ಶಾಹಿ ಕಾಲದ ಗುಮ್ಮಟಗಳು, ಗೋಕಾಕ ಎಂದರೆ ಜಲಪಾತ ಮತ್ತು ನೂಲಿನ ಗಿರಣಿ. ಆದರೆ ಒಂದು ಸಮಾಜ ತನ್ನ ಅತ್ಯಂತ ಅಸಹಾಯಕ ಸದಸ್ಯರನ್ನು ಹೇಗೆ ನಡೆಸಿಕೊಂಡಿತು ಎಂಬುದಕ್ಕೂ ಒಂದು ಚರಿತ್ರೆಯಿದೆ. ಅದನ್ನು ಯಾರೂ ಶಾಸನದಲ್ಲಿ ಕೆತ್ತಿಸುವುದಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ, ದರ್ಗಾದ ಅಂಗಳದಲ್ಲಿ, ಜಾತ್ರೆಯ ಬಯಲಿನಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯನ್ನು ಕನ್ನಡದಲ್ಲಿ ಚಿತ್ತವಿಕಲತೆ ಎನ್ನುತ್ತಾರೆ. ಯಾರೂ ಮಾತಾಡದಿದ್ದರೂ ಕಿವಿಯಲ್ಲಿ ಮಾತು ಕೇಳಿಸುವುದು, ತನ್ನ ವಿರುದ್ಧ ಎಲ್ಲರೂ ಸಂಚು ಹೂಡಿದ್ದಾರೆಂಬ ಅನುಮಾನ, ಯೋಚನೆಗಳ ಎಳೆ ತಪ್ಪುವುದು, ಕ್ರಮೇಣ ಕೆಲಸ ಹಾಗೂ ಸ್ನಾನ-ಊಟಗಳಲ್ಲೂ ಆಸಕ್ತಿ ಕುಂದುವುದು ಇದರ ಲಕ್ಷಣಗಳು. ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ದುಡಿಯುವ ಯೌವನದಲ್ಲಿ ಇದು ತಲೆದೋರುತ್ತದೆ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಇದಕ್ಕೆ ಈ ಹೆಸರಿಟ್ಟರು. ನಮ್ಮ ಹಳ್ಳಿಗಳಲ್ಲಿ ಮಾತ್ರ ಇಂದಿಗೂ ಇದರ ಹೆಸರು ‘ಗಾಳಿ ಬಡದೈತಿ’, ‘ಮಾಟ ಮಾಡಿಸ್ಯಾರ’ ಎಂದೇ. ಹೆಸರು ತಪ್ಪಿದಾಗ ದಾರಿಯೂ ತಪ್ಪುತ್ತದೆ. ವೈದ್ಯರ ಬಳಿಗೆ ಹೋಗಬೇಕಾದವರು ಮಂತ್ರವಾದಿಯ ಮನೆ ಬಾಗಿಲಲ್ಲಿ ವರ್ಷಗಟ್ಟಲೆ ಕಾಯುತ್ತಾರೆ.

ಮುಸ್ಲಿಮ್ ಸಮಾಜಕ್ಕೆ ಈ ವಿಷಯದಲ್ಲಿ ಅಭಿಮಾನ ಪಡಬಹುದಾದ ಪರಂಪರೆಯೊಂದಿದೆ. ಬುದ್ಧಿಸ್ಥಿಮಿತ ಕಳೆದುಕೊಂಡವನು ತನ್ನ ಕೃತ್ಯಗಳಿಗೆ ಹೊಣೆಗಾರನಲ್ಲ ಎಂಬುದು ಇಸ್ಲಾಮೀ ಧರ್ಮಶಾಸ್ತ್ರದ ಸ್ಪಷ್ಟ ನಿಲುವು. 1154ರಲ್ಲಿ ದಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿ ಕಟ್ಟಿಸಿದ ಆಸ್ಪತ್ರೆ, 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಗಳಲ್ಲಿ ಮನೋರೋಗಿಗಳಿಗೂ ಜಾಗವಿತ್ತು. 1488ರಲ್ಲಿ ತುರ್ಕಿಯ ಎದಿರ್ನೆಯಲ್ಲಿ ಸಿದ್ಧವಾದ ಆಸ್ಪತ್ರೆ ಸಂಗೀತ ಮತ್ತು ಹರಿಯುವ ನೀರಿನ ಸದ್ದನ್ನು ಚಿಕಿತ್ಸೆಗೆ ಬಳಸಿದ್ದಕ್ಕೆ ಪ್ರಸಿದ್ಧವಾಯಿತು. ಇವೆಲ್ಲ ನಡೆದದ್ದು ವಕ್ಫ್ ಆಸ್ತಿಗಳ ಆದಾಯದಿಂದ. ಅಂದರೆ ಮನೋರೋಗಿಯ ಆರೈಕೆ ಸಮುದಾಯದ ಹೊಣೆ ಎಂದು ಆ ಕಾಲ ಒಪ್ಪಿಕೊಂಡಿತ್ತು. ಈ ಪರಂಪರೆಯ ವಾರಸುದಾರರು ಎನ್ನುವ ನಾವು ಇಂದು ತಾಯಿತದ ಆಚೆಗೆ ಯೋಚಿಸದಿದ್ದರೆ ಅದನ್ನು ಏನೆಂದು ಕರೆಯಬೇಕು?

ನಮ್ಮ ಭಾಗದ ಕಥೆ ಧಾರವಾಡದಿಂದ ಆರಂಭವಾಗುತ್ತದೆ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1845ರಲ್ಲಿ, ಬ್ರಿಟಿಷರು ಧಾರವಾಡದಲ್ಲಿ ಹುಚ್ಚಾಸ್ಪತ್ರೆ ತೆರೆದರು. ಇಂದಿನ ಡಿಮ್ಹಾನ್ಸ್ ಅದರ ಮುಂದುವರಿಕೆ. ಆ ಕಾಲದ ಆಸ್ಪತ್ರೆಗಳ ಮುಖ್ಯ ಕೆಲಸ ವಾಸಿ ಮಾಡುವುದಕ್ಕಿಂತ ಕೂಡಿ ಹಾಕುವುದಾಗಿತ್ತು. 1858ರ ಕಾನೂನು ಬೀದಿಯಲ್ಲಿ ಅಲೆಯುವ ಮನೋರೋಗಿಯನ್ನು ಪೊಲೀಸರ ಕೈಗೆ ಒಪ್ಪಿಸಿತ್ತು. 1912ರ ಕಾನೂನಿನ ಹೆಸರಿನಲ್ಲೂ ಹುಚ್ಚು ಎಂಬ ಪದವೇ ಇತ್ತು. ಅದರ ಬದಲಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆ ಜಾರಿಯಾದದ್ದು 1993ರಲ್ಲಿ. ಧಾರವಾಡದ ‘ಹುಚ್ಚರ ದವಾಖಾನಿ’ ಎಂಬ ಹೆಸರು ಬೈಗುಳವಾಗಿ ಉಳಿದುದರ ಹಿಂದೆ ಈ ಎಲ್ಲ ಚರಿತ್ರೆಯಿದೆ. ಬೈಗುಳಕ್ಕೆ ಹೆದರಿದ ಕುಟುಂಬಗಳು ರೋಗಿಯನ್ನು ಮನೆಯಲ್ಲೇ ಬಚ್ಚಿಟ್ಟವು.

1952ರಲ್ಲಿ ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯ ಪರಿಣಾಮ ಸಾಬೀತಾದ ಬಳಿಕ ಚಿತ್ರ ಬದಲಾಯಿತು. ಆಸ್ಪತ್ರೆಯ ಗೋಡೆಯೊಳಗೆ ಬದುಕು ಸವೆಸಬೇಕಾದವರು ಮನೆಗೆ ಮರಳುವುದು ಸಾಧ್ಯವಾಯಿತು. ಅದೇ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಕುಟುಂಬದವರನ್ನೂ ಇರಿಸಿಕೊಂಡರು. ಮನೆಮಂದಿಯನ್ನು ದೂರವಿಟ್ಟು ಮನೋರೋಗವನ್ನು ಗೆಲ್ಲಲಾಗದು ಎಂಬ ಪಾಠವನ್ನು ಭಾರತ ಜಗತ್ತಿಗೆ ಕಲಿಸಿದ್ದು ಹೀಗೆ. ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್ ನಡೆಸಿದ ಪ್ರಯೋಗ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರೇ ಈ ರೋಗವನ್ನು ಗುರುತಿಸಬಲ್ಲರು ಎಂದು ಅದು ತೋರಿಸಿಕೊಟ್ಟಿತು.

ಆದರೂ ಸರಪಳಿಗಳು ಕಳಚಲಿಲ್ಲ. 2001ರ ಆಗಸ್ಟ್ 6ರ ಮುಂಜಾವದಲ್ಲಿ ತಮಿಳುನಾಡಿನ ಎರ್ವಾಡಿ ದರ್ಗಾದ ಬಳಿಯ ಖಾಸಗಿ ಆಶ್ರಯತಾಣವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ ಮನೋರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಇದನ್ನು ಕೇವಲ ಒಂದು ಧರ್ಮದವರ ಮೂಢನಂಬಿಕೆ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಅಲ್ಲಿಗೆ ಎಲ್ಲ ಧರ್ಮದವರೂ ಬರುತ್ತಿದ್ದರು, ಬೇರೆ ದಾರಿ ಕಾಣದೆ ಬರುತ್ತಿದ್ದರು. ಹಾಗೆಂದು ನಂಬಿಕೆಯನ್ನು ಹೀಯಾಳಿಸಿಯೂ ಪ್ರಯೋಜನವಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಆರಂಭವಾದ ‘ದವಾ-ದುಆ’ ಎಂಬ ಪ್ರಯತ್ನ ಈ ಗಂಟನ್ನು ಜಾಣ್ಮೆಯಿಂದ ಬಿಡಿಸಿತು. ದರ್ಗಾದ ಮುಜಾವರರೇ ರೋಗಿಗಳನ್ನು ಪಕ್ಕದಲ್ಲಿದ್ದ ಮನೋವೈದ್ಯರ ಬಳಿಗೆ ಕಳುಹಿಸಿದರು. ಪ್ರಾರ್ಥನೆಯೂ ನಡೆಯಿತು, ಮಾತ್ರೆಯೂ ದೊರೆಯಿತು.

ಇನ್ನು ಸಂಘಗಳ ಮಾತು. 1970ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ತಂದೆಯೊಬ್ಬರು ಸ್ಕಿಜೋಫ್ರೇನಿಯಾ ಪೀಡಿತ ಮಗನ ಅವಸ್ಥೆಯನ್ನು ಬರೆದರು. ಅದನ್ನೋದಿದ ಅನೇಕ ಕುಟುಂಬಗಳು ತಮ್ಮದೂ ಅದೇ ಕಥೆಯೆಂದು ಸ್ಪಂದಿಸಿದವು. 1972ರಲ್ಲಿ ಅಲ್ಲಿ ರಾಷ್ಟ್ರೀಯ ಸಂಘ ಹುಟ್ಟಿ, ಊರೂರುಗಳಲ್ಲಿ ಶಾಖೆಗಳಾದವು. ಭಾರತದಲ್ಲಿ ಡಾ. ಶಾರದಾ ಮೆನನ್ 1984ರಲ್ಲಿ ಚೆನ್ನೈಯಲ್ಲಿ ಸ್ಕಾರ್ಫ್ ಸಂಸ್ಥೆಯನ್ನು ಕಟ್ಟಿದರು. ಪತ್ನಿಯ ಕಾಯಿಲೆಯಿಂದ ಪಾಠ ಕಲಿತ ಪ್ರೊಫೆಸರ್ ಜಗನ್ನಾಥ ವಾಣಿ 1997ರಲ್ಲಿ ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಜಾಗೃತಿ ಸಂಘ ಸ್ಥಾಪಿಸಿದರು. ಇದೇ ಕಾಯಿಲೆಯ ಕುರಿತ ‘ದೇವರಾಯಿ’ ಎಂಬ ಮರಾಠಿ ಚಿತ್ರ 2004ರಲ್ಲಿ ಬಂತು. ಅದರಲ್ಲಿ ರೋಗಿಯ ಪಾತ್ರ ವಹಿಸಿದ ಅತುಲ್ ಕುಲಕರ್ಣಿ ಹುಟ್ಟಿದ್ದು ನಮ್ಮ ಬೆಳಗಾವಿಯಲ್ಲೇ.

ಇಂತಹ ಸಂಘಗಳ ಶಾಖೆ ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಏಕೆ ಬೇಕು? ಕಾನೂನು ಈಗ ರೋಗಿಯ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಸಂಪೂರ್ಣ ನಿಷೇಧಿಸಿದೆ ಮತ್ತು ಚಿಕಿತ್ಸೆಯನ್ನು ಹಕ್ಕನ್ನಾಗಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ಲಭ್ಯರಾಗಬೇಕೆಂದು ರಾಜ್ಯ ಸರಕಾರ ‘ಮನೋಚೈತನ್ಯ’ ಯೋಜನೆ ತಂದಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಆದರೆ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ತೀವ್ರ ಮನೋವಿಕಾರವುಳ್ಳ ಪ್ರತಿ ನಾಲ್ವರಲ್ಲಿ ಮೂವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಈ ಕಾಯಿಲೆಗೆ ಹತ್ತು ದಿನದ ಮದ್ದು ಸಾಲದು, ಹಲವರಿಗೆ ವರ್ಷಗಟ್ಟಲೆ ಬೇಕು. ಸ್ವಲ್ಪ ಗುಣ ಕಂಡೊಡನೆ ಮಾತ್ರೆ ನಿಲ್ಲಿಸುವವರು ಬಹಳ, ಕಾಯಿಲೆ ಮರುಕಳಿಸುವುದು ಆಗಲೇ. ದಿನಗೂಲಿ ಬಿಟ್ಟು ದೂರದ ಧಾರವಾಡಕ್ಕೋ ಮಿರಜಿಗೋ ತಿಂಗಳು ತಿಂಗಳು ಹೋಗುವುದು ಬಡವರಿಗೆ ಸಾಧ್ಯವೇ? ಪ್ರಮಾಣಪತ್ರಕ್ಕೆ ಅರ್ಜಿ ತುಂಬುವವರು, ಮದ್ದು ಮುಗಿಯಿತೇ ಎಂದು ವಿಚಾರಿಸುವವರು, ಹಗಲಿರುಳು ನೋಡಿಕೊಂಡು ದಣಿದ ತಾಯಿಯ ಮಾತಿಗೆ ಕಿವಿಯಾಗುವವರು ಊರಿನಲ್ಲೇ ಇರಬೇಕು. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ಸ್ಥಳೀಯರೊಂದಿಗೆ ಸೇರಿ ನಡೆಸಿದ ಕೆಲಸ, ಒಂದು ತಾಲ್ಲೂಕಿನ ರೋಗಿಗಳನ್ನು ಗುರುತಿಸಿ ಬೆನ್ನುಹತ್ತಿ ಉಪಚರಿಸುವುದು ಅಸಾಧ್ಯವಲ್ಲ ಎಂಬುದಕ್ಕೆ ಸಾಕ್ಷಿ.

ಸಂಘ ಕಟ್ಟುವುದು ಈ ನೆಲಕ್ಕೆ ಹೊಸದೇನೂ ಅಲ್ಲ. ಘಟಪ್ರಭಾದ ಕರ್ನಾಟಕ ಆರೋಗ್ಯಧಾಮದೊಂದಿಗೆ ಸ್ವಾತಂತ್ರ್ಯ ಹೋರಾಟಗಾರ ಡಾ. ನಾ. ಸು. ಹರ್ಡೀಕರರ ಹೆಸರು ಬೆಸೆದಿದೆ. 1969ರಲ್ಲಿ ಹುಕ್ಕೇರಿಯ ಜನ ಸಹಕಾರಿ ಸಂಘ ಕಟ್ಟಿ ಹಳ್ಳಿಗಳಿಗೆ ವಿದ್ಯುತ್ ತಲುಪಿಸುವ ಹೊಣೆ ಹೊತ್ತರು. ದೀಪಕ್ಕಾಗಿ ಒಂದಾದವರು ಮನೋರೋಗಿಗಳಿಗಾಗಿ ಒಂದಾಗಲಾರರೇ? ಜಮಾಅತ್‌ಗಳು, ಮಠಗಳು, ಮಹಿಳಾ ಸ್ವಸಹಾಯ ಸಂಘಗಳು ಜೊತೆಗೂಡಿ ತಿಂಗಳಿಗೊಮ್ಮೆ ಕುಟುಂಬಗಳ ಸಭೆ ಕರೆಯಬಹುದು. ಝಕಾತ್‌ನ ಒಂದು ಪಾಲು ಅರ್ಹ ಬಡ ರೋಗಿಯ ಔಷಧಿ ಮತ್ತು ಬಸ್ಸಿನ ಖರ್ಚಿಗೆ ಸಲ್ಲಬಹುದು. ಶುಕ್ರವಾರದ ಖುತ್ಬಾದಲ್ಲಿ, ಜಾತ್ರೆಯ ಪ್ರವಚನದಲ್ಲಿ ಇದೊಂದು ಕಾಯಿಲೆ, ಇದಕ್ಕೆ ಮದ್ದಿದೆ ಎಂಬ ಮಾತು ಬಂದರೆ ಅನೇಕ ಮನೆಗಳ ಹಿಂದಿನ ಕೋಣೆಯ ಬಾಗಿಲು ತೆರೆದೀತು. ಇದಕ್ಕೆ ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. ನೆರೆಮನೆಯಿಂದಲೇ ನಾವು ಆರಂಭಿಸಬಹುದು.