ಡೆಟ್ರಾಯಿಟಿನ ಅಚ್ಚುಗಳೂ ನಮ್ಮ ಮೋಟಾರು ಉದ್ಯಮವೂ

ಪುಣೆಯಿಂದ ನಾಸಿಕಕ್ಕೆ ಹೋಗುವ ಹಾದಿಯಲ್ಲಿರುವ ಚಾಕಣವು ಇತಿಹಾಸದ ಅಭ್ಯಾಸಿಗಳಿಗೆ ಪರಿಚಿತವಾದುದು 1660ರ ಮುತ್ತಿಗೆಯಿಂದ. ಶಾಯಿಸ್ತೆಖಾನನ ಸೈನ್ಯವನ್ನು ಎದುರಿಸಿ ಫಿರಂಗೋಜಿ ನರಸಾಳನು ಅಲ್ಲಿನ ಸಂಗ್ರಾಮದುರ್ಗವನ್ನು ಸುಮಾರು ಎರಡು ತಿಂಗಳು ಕಾಯ್ದನು. ಇಂದು ಆ ಹೆಸರು ಕೇಳಿದೊಡನೆ ನೆನಪಾಗುವುದು ಕೋಟೆಯಲ್ಲ, ಬಜಾಜ್, ಮಹೀಂದ್ರ, ಫೋಕ್ಸ್‌ವ್ಯಾಗನ್ ಮುಂತಾದ ಕಾರ್ಖಾನೆಗಳ ಸಾಲು. ಈ ಸಾಲಿನ ಪೂರ್ವಕಥೆಯಲ್ಲಿ ಅಮೇರಿಕದ ಕಾರಿಗೂ ಒಬ್ಬ ಕನ್ನಡಿಗರಿಗೂ ಇರುವ ಪಾಲನ್ನು ನಾವು ಸಾಕಷ್ಟು ಗಮನಿಸಿಲ್ಲ.

ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆಯಲ್ಲಿಯೇ ಓದಿ, 1884ರಲ್ಲಿ ಮುಂಬಯಿ ಸರಕಾರದ ಇಂಜಿನಿಯರಾದವರು. ಖಡಕವಾಸಲಾ ಕಟ್ಟೆಯ ಸ್ವಯಂಚಾಲಿತ ಬಾಗಿಲುಗಳಿಂದಾಗಿ ಪುಣೆಯ ಕನ್ನಡಿಗರಿಗೆ ಅವರು ನೆರೆಯವರೇ ಸರಿ. ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಅವರು ಯುರೋಪು ಅಮೇರಿಕಗಳನ್ನು ಸಂಚರಿಸಿ ಮೋಟಾರು ಕಾರ್ಖಾನೆಗಳನ್ನು ಅಭ್ಯಸಿಸಿ ಬಂದರು. ದೇಶದಲ್ಲಿಯೇ ಕಾರನ್ನು ತಯಾರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದರು. ಜನರಲ್ ಮೋಟರ್ಸ್ 1928ರಿಂದಲೇ ಮುಂಬಯಿಯಲ್ಲಿ ಕಾರುಗಳನ್ನು ಜೋಡಿಸುತ್ತಿತ್ತು. ಆದರೆ ಜೋಡಣೆ ಬೇರೆ, ತಯಾರಿಕೆ ಬೇರೆ. ವಿಶ್ವೇಶ್ವರಯ್ಯನವರ ಹಟವಿದ್ದುದು ಎರಡನೆಯದರ ಮೇಲೆ. 1937ರ ಖೇರ್ ಮಂತ್ರಿಮಂಡಲವು ಯೋಜನೆಗೆ ಒಲವು ತೋರಿತಾದರೂ 1939ರಲ್ಲಿ ಅದೇ ರಾಜೀನಾಮೆಯಿತ್ತಿತು. ವಾಲಚಂದ ಹೀರಾಚಂದರು ಅಮೇರಿಕಕ್ಕೆ ಹೋಗಿ ಕ್ರೈಸ್ಲರ್ ಕಂಪನಿಯನ್ನು ಒಪ್ಪಿಸಿದರು. ಬೆಂಗಳೂರಿನಲ್ಲಿ ಕಾರ್ಖಾನೆಯಾಗುವುದಾದರೆ ನೆರವಾಗಲು ಮೈಸೂರು ಸರಕಾರ ಸಿದ್ಧವಿತ್ತು. ಬ್ರಿಟಿಷ್ ಭಾರತ ಸರಕಾರ ಒಪ್ಪಲಿಲ್ಲ. ವಿಚಿತ್ರವೆಂದರೆ, ಅದೇ ಪ್ರವಾಸದಲ್ಲಿ ವಾಲಚಂದರಿಗೆ ವಿಲಿಯಂ ಪಾಲಿ ಎಂಬ ಅಮೇರಿಕನ್ ಉದ್ಯಮಿಯ ಪರಿಚಯವಾಗಿ, 1940ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಬಂದಿತು. ಕಾರು ಬೇಡಿದ ಊರಿಗೆ ವಿಮಾನ ದೊರೆಯಿತು! ಕಾರಿನ ಪ್ರೀಮಿಯರ್ ಕಂಪನಿ ಹುಟ್ಟಿದುದು 1944ರಲ್ಲಿ. ಕುರ್ಲಾದ ಅದರ ಕಾರ್ಖಾನೆಯಿಂದ ಮೊದಲ ಗಾಡಿಗಳು ಹೊರಬಿದ್ದುದು 1947ರಲ್ಲಿ.

ಆ ಹೊತ್ತಿಗೆ ಅಮೇರಿಕದಲ್ಲಿ ಏನು ನಡೆದಿತ್ತು? 1942ರ ಫೆಬ್ರವರಿಯಲ್ಲಿ ನಿಂತ ಕಾರುಗಳ ತಯಾರಿಕೆ ಯುದ್ಧ ಮುಗಿದ ಮೇಲೆ ಹಳೆಯ ಅಚ್ಚುಗಳಿಂದಲೇ ಪುನಃ ಆರಂಭವಾಯಿತು. 1946ರ ಕಾರೆಂದರೆ ಮುಖ ತಿದ್ದಿದ 1942ರ ಕಾರು. 1947ರ ಸ್ಟೂಡಿಬೇಕರ್ ನಿಜವಾಗಿ ಹೊಸದು. 1949ರ ಫೋರ್ಡ್‌ನಲ್ಲಿ ಮಡ್‌ಗಾರ್ಡುಗಳು ಪ್ರತ್ಯೇಕವಾಗಿ ಉಬ್ಬಿ ನಿಲ್ಲದೆ ಒಡಲಿನಲ್ಲಿಯೇ ಲೀನವಾದವು. ಯುದ್ಧವಿಮಾನವನ್ನು ಕಂಡು 1948ರ ಕ್ಯಾಡಿಲಾಕ್‌ನ ಹಿಂಬದಿಗೆ ಮೂಡಿಸಿದ ಚಿಕ್ಕ ರೆಕ್ಕೆಗಳು 1957ರಲ್ಲಿ ಕ್ರೈಸ್ಲರ್ ಗಾಡಿಗಳಿಗೂ ಬೆಳೆದು, 1959ರಲ್ಲಿ ಹಾಸ್ಯಾಸ್ಪದವೆನ್ನುವಷ್ಟು ಎತ್ತರಕ್ಕೇರಿದವು. 1955ರ ಷೆವ್ರೊಲೆಗೆ ಹೊಸ ಎಂಟು ಸಿಲಿಂಡರಿನ ಎಂಜಿನ್ನು ಬಂದಿತು. ಹೊಸ ವರ್ಷಕ್ಕೆ ಹೊಸ ರೂಪ, ಹಳೆಯದು ಹಳತೆಂದು ಒಡೆಯನಿಗೇ ನಾಚಿಕೆ: ಇದು ಜನರಲ್ ಮೋಟರ್ಸಿನ ಆಲ್ಫ್ರೆಡ್ ಸ್ಲೋನ್ ನೆಲೆಗೊಳಿಸಿದ ವ್ಯಾಪಾರನೀತಿ.

ಈ ನೀತಿಯ ಬೆನ್ನಿಗಿದ್ದುದು ಒಂದು ಸರಳ ಲೆಕ್ಕ. ಕಾರಿನ ಒಡಲಿನ ಉಕ್ಕಿನ ತಗಡನ್ನು ಒತ್ತುವ ಅಚ್ಚುಗಳು ಅತ್ಯಂತ ದುಬಾರಿ. 1955ರ ಮಾದರಿಯ ಷೆವ್ರೊಲೆಗಳೇ ಸುಮಾರು 17 ಲಕ್ಷ ತಯಾರಾದವು. ಅಚ್ಚಿನ ವೆಚ್ಚವನ್ನು ಅಷ್ಟು ಗಾಡಿಗಳ ಮೇಲೆ ಹಂಚಿದರೆ ಒಂದೊಂದರ ಪಾಲಿಗೆ ಬರುವುದು ಅಲ್ಪ. ಇಡೀ ಭಾರತದ ವಾರ್ಷಿಕ ತಯಾರಿಕೆ ಆಗ ಸಾವಿರಗಳ ಲೆಕ್ಕದಲ್ಲಿತ್ತು. ಪ್ರತಿವರ್ಷ ಅಚ್ಚು ಬದಲಿಸುತ್ತೇನೆಂದು ಇಲ್ಲಿ ಯಾರಾದರೂ ಸಾಲದ ಅರ್ಜಿ ಹಿಡಿದು ಬಂದಿದ್ದರೆ ಯಾವ ಬ್ಯಾಂಕೂ ಅವನನ್ನು ಕೂಡಿಸಿ ಮಾತನಾಡಿಸುತ್ತಿರಲಿಲ್ಲ. ಕ್ರೈಸ್ಲರ್ ಕಂಪನಿಯೂ ಹೊರದೇಶಗಳಿಗೆ ಮಿತವ್ಯಯದ ದಾರಿಯನ್ನೇ ಹಿಡಿದಿತ್ತು. ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಎಂದು ಮಾರಲ್ಪಟ್ಟವುಗಳ ಒಡಲು ಪ್ಲಿಮತ್‌ನದೇ. ಒಂದೇ ಉತ್ಸವಮೂರ್ತಿಗೆ ಮೂರು ಅಲಂಕಾರ.

1953ರ ಸುಂಕ ಆಯೋಗದ ವರದಿಯ ತರುವಾಯ, ತಯಾರಿಕೆಯ ಕಾರ್ಯಕ್ರಮವಿಲ್ಲದ ಜೋಡಣೆಗಾರರಿಗೆ ಇಲ್ಲಿ ಎಡೆಯಿಲ್ಲದಾಗಿ, ಜನರಲ್ ಮೋಟರ್ಸ್ ಮತ್ತು ಫೋರ್ಡ್ ಗಂಟುಕಟ್ಟಿದವು. ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ ಗಾಡಿಯತ್ತ ವಾಲಿತು. 1964ರಲ್ಲಿ ಬಂದ ಫಿಯಟ್ 1100 ಡಿ ಮುಂದೆ ಪದ್ಮಿನಿಯೆಂಬ ಹೆಸರು ತಳೆದು ಶತಮಾನದ ಕೊನೆಯವರೆಗೂ ಓಡಿತು. ಪೈಪೋಟಿಯಿಲ್ಲದ ಪರ್ಮಿಟ್ ರಾಜ್ಯವೇ ಈ ಜಡತೆಗೆ ಕಾರಣವೆನ್ನುವವರ ಮಾತು ಅರ್ಧ ನಿಜ. ಉಳಿದರ್ಧ ಅಚ್ಚಿನ ಲೆಕ್ಕದಲ್ಲಿದೆ.

ಹಾಗಾದರೆ ವಿಶ್ವೇಶ್ವರಯ್ಯನವರ ಯೋಜನೆ ಕೈಗೂಡದೆ ನಾವು ಕಳೆದುಕೊಂಡುದೇನು? ನನ್ನ ಮಟ್ಟಿಗೆ, ಒಂದು ಕಾರಿನ ಮಾದರಿಯನ್ನಲ್ಲ, ಅಚ್ಚು ಕೆತ್ತುವ ಕೈಗಳ ಒಂದು ತಲೆಮಾರನ್ನು. ಟೆಲ್ಕೊ ಕಂಪನಿಯು 1960ರ ದಶಕದಲ್ಲಿ ಪುಣೆಗೆ ಬಂದಾಗ ಸುಮಂತ ಮುಳಗಾವಕರರು ಗಾಡಿಗಿಂತ ಮೊದಲು ಯಂತ್ರೋಪಕರಣ, ಅಚ್ಚುಗಳ ವಿಭಾಗಕ್ಕೆ ಗಮನ ಕೊಟ್ಟರು. 1998ರ ಇಂಡಿಕಾ ಕಾರು ಆ ಪುಣೆಯ ನೆಲದಲ್ಲಿಯೇ ತಯಾರಾಯಿತು.

ಜನರಲ್ ಮೋಟರ್ಸ್ 2008ರಲ್ಲಿ ಚಾಕಣದ ನೆರೆಯ ತಳೇಗಾವಿನಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿ ತಯಾರಾದ ಷೆವ್ರೊಲೆ ಸ್ಪಾರ್ಕ್ ಹೆಸರಿಗಷ್ಟೇ ಅಮೇರಿಕದ್ದು, ವಿನ್ಯಾಸ ಕೊರಿಯದ ಡೇವೂವಿನದು. 2017ರ ಕೊನೆಗೆ ಕಂಪನಿ ಭಾರತದಲ್ಲಿ ಮಾರಾಟ ನಿಲ್ಲಿಸಿತು, 2020ರ ಡಿಸೆಂಬರಿನಲ್ಲಿ ಉತ್ಪಾದನೆಯನ್ನೂ ಮುಗಿಸಿತು. 2023ರ ಒಪ್ಪಂದದಂತೆ ಆ ಕಾರ್ಖಾನೆ ಕೊರಿಯದ ಹ್ಯುಂಡೈ ಕಂಪನಿಯ ಕೈಸೇರಿತು.