ಪಾಳಿ

ಬೆಂಗಳೂರಿನವರು ಕ್ಯೂ ನಿಲ್ಲುತ್ತಾರೆ, ಹುಬ್ಬಳ್ಳಿ-ಧಾರವಾಡದವರು ಪಾಳಿ ಹಚ್ಚುತ್ತಾರೆ. ಹಿಟ್ಟಿನ ಗಿರಣಿಯಲ್ಲಿ ಡಬ್ಬಿಗಳೇ ಪಾಳಿ ಹಚ್ಚಿ ಕೂತಿರುತ್ತವೆ. ಒಡತಿ ಮನೆಗೆ ಹೋಗಿದ್ದರೂ ಡಬ್ಬಿ ಅವಳ ಜಾಗ ಕಾಯುತ್ತದೆ. ಪಾಳಿ ಎಂದರೆ ಸಾಲೂ ಹೌದು, ಆ ಸಾಲಿನಲ್ಲಿ ನಮಗೆ ಬರುವ ಹೊತ್ತೂ ಹೌದು. ಸಂಸ್ಕೃತದ ‘ಪಾಲಿ’ಗೆ ಸಾಲೆಂಬ ಅರ್ಥವಿದೆ, ಮರಾಠಿಯಲ್ಲೂ ಪಾಳಿ ಎಂದರೆ ಸರದಿಯೇ. ರೈಲ್ವೆಯವರಿಗೆ ರಾತ್ರಿ ಪಾಳಿ, ರೈತರಿಗೆ ಕಾಲುವೆ ನೀರಿನ ಪಾಳಿ. 2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳ ನಲ್ಲಿಗೆ ದಿನದ 24 ತಾಸೂ ನೀರು ಬರತೊಡಗಿತು. ಉಳಿದ ಓಣಿಗಳಲ್ಲಿ ಮಾತ್ರ “ನಮ್ಮ ಪಾಳಿ ಯಾವತ್ತರೀ?” ಎಂಬ ಪ್ರಶ್ನೆ ಹಾಗೇ ಉಳಿಯಿತು.

ಈ ಮಾತು ನನಗೆ ಅತ್ಯಂತ ಚೆಂದ ಕೇಳಿಸುವುದು ಗುಡಿಯಲ್ಲಿ. ಪೂಜಾರಿಕೆಯ ಮನೆತನ ಕವಲೊಡೆದಂತೆ ಪೂಜೆಯೂ ಅಣ್ಣತಮ್ಮಂದಿರ ನಡುವೆ ಹಂಚಿಹೋಗುತ್ತದೆ. “ಈ ಸಲ ಪೂಜಿ ಪಾಳಿ ನಮ್ಮದು” ಅನ್ನುವಾಗ ಆ ‘ನಮ್ಮದು’ವಿನಲ್ಲಿ ಹಕ್ಕಿದೆ, ನಸುಕಿಗೇ ಏಳುವ ಹೊಣೆಯಿದೆ, ಅವಧಿ ಮುಗಿದ ದಿನ ಕೀಲಿಕೈಯನ್ನು ಮುಂದಿನವರ ಕೈಗಿಡುವ ಒಪ್ಪಂದವೂ ಇದೆ.

ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅಂದಿನಿಂದ ಇಲ್ಲಿಯ ಚರ್ಚುಗಳಲ್ಲಿ ಓದುತ್ತ ಬಂದ ಬೈಬಲ್ಲಿನಲ್ಲಿ ಇಂಥದೇ ಒಂದು ಪಾಳಿಯ ಕಥೆಯಿದೆ. ಪೂರ್ವಕಾಲವೃತ್ತಾಂತದ ಮೊದಲ ಪುಸ್ತಕದ 24ನೆಯ ಅಧ್ಯಾಯ ಬರೀ ಹೆಸರುಗಳ ಪಟ್ಟಿ. ಹೆಚ್ಚಿನವರು ಅದನ್ನು ದಾಟಿಕೊಂಡು ಹೋಗುತ್ತಾರೆ. ದಾಟಬಾರದು. ದಾವೀದ ಅರಸ ಯಾಜಕರನ್ನು 24 ತಂಡ ಮಾಡಿದ. ಎಲ್ಲಾಜಾರನ ವಂಶದಲ್ಲಿ ಹಿರಿಯರು ಹೆಚ್ಚು, ಅವರಿಗೆ 16. ಈತಾಮಾರನ ವಂಶಕ್ಕೆ 8. ಆದರೆ ಮೊದಲು ಯಾರು, ಕೊನೆಗೆ ಯಾರು ಎಂಬುದನ್ನು ಸಂಖ್ಯೆಯಾಗಲಿ ದೊಡ್ಡಸ್ತಿಕೆಯಾಗಲಿ ಹೇಳಲಿಲ್ಲ, ಚೀಟಿ ಹೇಳಿತು. ಅರಸನ ಎದುರಿಗೇ ಚೀಟಿ ಹಾಕಿದರು, ಲಿಪಿಕಾರ ಬರೆದುಕೊಂಡ. ಒಂದೊಂದು ತಂಡಕ್ಕೆ ಒಂದು ವಾರದ ಸೇವೆ. ಸಬ್ಬತ್ ದಿನ ಒಬ್ಬರು ಇಳಿದರೆ ಇನ್ನೊಬ್ಬರು ಏರುವರು. ಇಂಥ ತಂಡಕ್ಕೆ ಹೀಬ್ರೂ ಭಾಷೆಯಲ್ಲಿ ಮಿಶ್ಮರ್ ಎನ್ನುತ್ತಾರೆ, ಅಂದರೆ ಕಾವಲು.

ಸ್ನಾನಿಕ ಯೋಹಾನನ ತಂದೆ ಜಕರೀಯ ಎಂಟನೆಯ ತಂಡದವನು, ಅಬೀಯನ ಪಾಳಿ. ಮುದುಕನಾದ ಮೇಲೆ ಧೂಪ ಹಾಕುವ ಚೀಟಿ ಅವನ ಹೆಸರಿಗೆ ಬಿತ್ತು. ಹಿಂದೆ ಎಂದೂ ಧೂಪ ಹಾಕದವರೇ ಆ ಚೀಟಿಗೆ ಬರಬೇಕಿತ್ತು ಎನ್ನುತ್ತದೆ ಯೆಹೂದ್ಯರ ನಿಯಮಗ್ರಂಥ ಮಿಶ್ನಾ. ಒಮ್ಮೆ ಸಿಕ್ಕವನು ಸರಿದು ನಿಲ್ಲಬೇಕು. ಪಾಳಿಯ ಜೀವಾಳ ಇದೇ ಎಂದು ನನ್ನ ನಂಬಿಕೆ: ಕಾದವನ ಹಕ್ಕು ಎಷ್ಟು ದೊಡ್ಡದೋ, ಪಡೆದವನು ಸರಿಯುವುದೂ ಅಷ್ಟೇ ದೊಡ್ಡದು.

ಹೋದ ವರ್ಷ ಒಂದು ಆಸ್ಪತ್ರೆಯಲ್ಲಿ ಯಾರದೋ ಫೋನ್ ಮಾತಿನ ಬಲದಿಂದ ಒಬ್ಬರು ನೇರ ಒಳಗೆ ನಡೆದರು. ನಸುಕಿನಿಂದ ಕೂತಿದ್ದ ಮುದುಕಿಯೊಬ್ಬಳು ಎದ್ದು, “ಯಪ್ಪಾ, ಪಾಳಿ ನಂದೈತಿ” ಅಂದಳು. ಯಾರೂ ಕೇಳಲಿಲ್ಲ. ನಾನೂ ಸುಮ್ಮನಿದ್ದೆ, ಅದು ತಪ್ಪು.

ಆ ಯಾಜಕರು ಪಾಳಿಯ ಮೇಲೆ ಸೇವೆ ಮಾಡುತ್ತಿದ್ದ ಜೆರುಸಲೇಮಿನ ದೇವಾಲಯವನ್ನು ಕ್ರಿ.ಶ. 70ರಲ್ಲಿ ರೋಮನ್ನರು ಕೆಡವಿದರು. ಬಲಿಪೀಠ ಹೋಯಿತು, ಸೇವೆ ನಿಂತಿತು. 1962ರಲ್ಲಿ ಕೈಸರೈಯ ಎಂಬ ಹಳೆಯ ಊರಿನ ಅಗೆತದಲ್ಲಿ ಕಲ್ಲಿನ ಚೂರುಗಳು ಸಿಕ್ಕವು. ದೇವಾಲಯ ಬಿದ್ದು ನೂರಾರು ವರ್ಷಗಳಾದ ಮೇಲೆ ಕೊರೆದವು ಅವು. ಅವುಗಳ ಮೇಲಿದ್ದದ್ದು 24 ತಂಡಗಳ ಪಾಳಿ, ಯಾವ ತಂಡ ಗಲಿಲಾಯ ಸೀಮೆಯ ಯಾವ ಊರಲ್ಲಿದೆ ಎಂಬ ವಿವರದೊಂದಿಗೆ.