ಕಂಟೋನ್ಮೆಂಟಿನ ರಕ್ತದ ಲೆಕ್ಕ

ಬೆಂಗಳೂರಿನ ಕಾಕ್ಸ್ ಟೌನಿನ ನಮ್ಮ ಬೀದಿಯಲ್ಲಿ ಒಬ್ಬ ಆಂಗ್ಲೋ ಇಂಡಿಯನ್ ಆಂಟಿ ಇದ್ದರು. ಕ್ರಿಸ್‌ಮಸ್ಸಿಗೆ ಕಲ್‌ಕಲ್ ಮಾಡುವಾಗ ಹಿಟ್ಟಿನ ಉಂಡೆಯನ್ನು ಫೋರ್ಕಿನ ಹಿಂಬದಿಗೆ ಒತ್ತಿ ಸುರುಳಿ ಎಬ್ಬಿಸುವರು. ಎಂಬತ್ತು ದಾಟಿದರೂ ಕೈ ನಡುಗುತ್ತಿರಲಿಲ್ಲ. ಪೆಥಾಲಜಿ ಲ್ಯಾಬಿನಲ್ಲಿ ಸ್ಲೈಡ್ ತಯಾರಿಸುವ ಕೆಲಸಕ್ಕೆ ಸೇರಿದ ಮೇಲೆ ನನ್ನ ಕಣ್ಣು ಆ ಕೈಯ ಮೇಲೇ.

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆನಿಂತಿತು. ಇಲ್ಲಿ ಬೇರುಬಿಟ್ಟ ಆಂಗ್ಲೋ ಇಂಡಿಯನ್ ಮನೆತನಗಳನ್ನು ದೊರೆಗಳೂ ಪೂರಾ ತಮ್ಮವರೆನ್ನಲಿಲ್ಲ, ಪೇಟೆಯವರೂ ಎನ್ನಲಿಲ್ಲ. ರೈಲ್ವೆ, ತಂತಿ ಇಲಾಖೆಗಳ ನೌಕರಿ ಅವರ ಆಸರೆ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ, ಕೆ.ಆರ್. ಪುರದಾಚೆ, ಅವರದೇ ವೈಟ್‌ಫೀಲ್ಡ್ ಎದ್ದಿತು. ಯಾರಲ್ಲಿ ಎಷ್ಟು ಯುರೋಪಿನ ರಕ್ತ ಎಂಬ ಲೆಕ್ಕ ಮಾತ್ರ ಬಿಡಲಿಲ್ಲ.

ಅದೇ ಲೆಕ್ಕ ಒಂದು ದಿನ ಮಿದುಳುಕಾಂಡದ ವಿಚಾರಕ್ಕೂ ಬಂತು. ಕಾಂಡದ ಮೇಲ್ಭಾಗವನ್ನು ಅಡ್ಡ ಕೊಯ್ದರೆ ಎರಡು ಕಪ್ಪು ಪಟ್ಟಿ ಬರಿಗಣ್ಣಿಗೇ ಕಾಣುತ್ತವೆ. ಹುಟ್ಟಿದ ಕೂಸಿನಲ್ಲಿ ಆ ಕಪ್ಪು ಇರುವುದಿಲ್ಲ, ವಯಸ್ಸಿನೊಡನೆ ಕೂಡುತ್ತದೆ. ಆ ಪಟ್ಟಿಗಳ ಕಪ್ಪು ಕೋಶಗಳು ಡೋಪಮಿನ್ ತಯಾರಿಸುತ್ತವೆ. ಅವು ಬಹುಪಾಲು ಸತ್ತರೆ ಪಾರ್ಕಿನ್ಸನ್, ಕೈನಡುಕ. ಸಹಜವಾಗಿ ಮುಪ್ಪಾಗುವವರಲ್ಲೂ ಅವು ಹತ್ತು ವರ್ಷಕ್ಕೆ ಶೇ. 4.7ರಂತೆ ಇಳಿಯುತ್ತವೆ ಎಂದು 1991ರಲ್ಲಿ ಲಂಡನ್ನಿನ ಫಿಯರ್ನ್‌ಲಿ ಮತ್ತು ಲೀಸ್ ಬರೆದರು.

ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಶುರುವಾಯಿತು. ಉದಯ್ ಮುಥಾನೆ, ಟಿ.ಸಿ. ಯಶಾ, ಎಸ್.ಕೆ. ಶಂಕರ್ ಅವರ 1998ರ ಪ್ರಬಂಧ ಬೇರೆಯೇ ಚಿತ್ರ ಕೊಟ್ಟಿತು: ಇಲ್ಲಿನವರಲ್ಲಿ ಕಪ್ಪು ಕೋಶಗಳೇ ಕಡಿಮೆ, ಆದರೆ ವಯಸ್ಸಾದಂತೆ ಅವು ಕುಸಿಯುವುದಿಲ್ಲ. ಬಂಡವಾಳ ಕಡಿಮೆ ಇದ್ದವರಿಗೇ ಕಾಯಿಲೆ ಹೆಚ್ಚಬೇಕಿತ್ತು. ಹೆಚ್ಚು ಕಂಡದ್ದು ಬಿಳಿಯರಲ್ಲಿ.

ಹಾಗಾದರೆ ಎರಡೂ ರಕ್ತ ಬೆರೆತವರಲ್ಲಿ? ಬೆಂಗಳೂರಿನ ವೃದ್ಧಾಶ್ರಮಗಳಲ್ಲಿ ಆಂಗ್ಲೋ ಇಂಡಿಯನ್ನರನ್ನು ಪರೀಕ್ಷಿಸಿದ ತಂಡವೊಂದರ ವರದಿ 2003ರಲ್ಲಿ ಬಂತು. ಅದರಲ್ಲೂ ಮುಥಾನೆ ಇದ್ದರು. ಉಳಿದ ಭಾರತೀಯರಿಗೂ ಬಿಳಿಯರಿಗೂ ನಡುವೆ ಎಲ್ಲೋ ಅವರ ಪಾರ್ಕಿನ್ಸನ್ ಪ್ರಮಾಣ ನಿಲ್ಲಬೇಕೆಂದು ಯಾರಾದರೂ ಊಹಿಸುವರು. ಅದು ಉಳಿದ ಭಾರತೀಯರದಕ್ಕಿಂತಲೂ ಸುಮಾರು ಐದು ಪಟ್ಟು ಕೆಳಗಿತ್ತು!

ಆಶ್ರಮವಾಸಿಗಳನ್ನಷ್ಟೇ ನೋಡಿದ ಅಧ್ಯಯನವದು. ಊಟ, ಬದುಕಿನ ರೀತಿಯ ಪಾಲೂ ಇದ್ದೀತು. ಆದರೂ ಇವರನ್ನು ಅರ್ಧ ಆ ಕಡೆ, ಅರ್ಧ ಈ ಕಡೆ ಎಂದು ಹಂಚುತ್ತ ಬಂದ ಕಂಟೋನ್ಮೆಂಟಿನ ಗಣಿತ ಮಿದುಳುಕಾಂಡದ ವಿಷಯದಲ್ಲಿ ನಡೆಯಲಿಲ್ಲ.